ನೆಮ್ಮದಿ ನಗರದ ನಾಲ್ಕಿಂಚಿನ ಮೊಳೆ

ಪರ್ವತಗಳಿಗೆ ರೆಕ್ಕೆಗಳಿದ್ದ ಯುಗ ಕಳೆದು, ಸಮುದ್ರಗಳಿಗೆ ಮಾತು ಬರುತ್ತಿದ್ದ ಯುಗ ಕಳೆದು, ಕಲ್ಲು ಕಲ್ಲಾಗಿಯೂ ಇಟ್ಟಿಗೆ ಇಟ್ಟಿಗೆಯಾಗಿಯೂ ನಡೆದುಕೊಳ್ಳುತ್ತಿದ್ದ ಅಜ್ಜಂದಿರ ಕಾಲವೂ ಕಳೆದು, ಸಿಮೆಂಟು ಎಂದು ಬರೆದ ಚೀಲದೊಳಗೆ ಬೂದಿಯೂ, ಮರಳು ಎಂದು ಕರೆದ ರಾಶಿಯೊಳಗೆ ಮಣ್ಣೂ, ಗ್ಯಾರಂಟಿ ಎಂದು ಕೊಟ್ಟ ಕಾಗದದೊಳಗೆ ಗಾಳಿಯೂ ತುಂಬಿಕೊಂಡು ಲೋಕವು ಒಟ್ಟಾರೆ ಹಗುರವಾಗಿದ್ದ ಸಮಯದಲ್ಲಿ, ತುಂಗಭದ್ರೆಯ ದಂಡೆಯ ಒಂದು ತಾಲ್ಲೂಕು ಊರಿನ ಹೊರಗೆ, ಮುಚ್ಚಿಹೋದ ಹತ್ತಿಯ ಮಿಲ್ಲಿನ ಹಿಂದೆ, ನೆಮ್ಮದಿ ನಗರವೆಂಬ ಮೂವತ್ತೆಂಟು ಮನೆಗಳ ಬಡಾವಣೆಯೊಂದು ಇತ್ತು.

ಆದಿಪೂಜಿತನಾದ ವಿಘ್ನರಾಜನೇ, ಮೊದಲು ನಿನಗೆ ನಮಸ್ಕಾರ. ಈ ಕಥೆಯಲ್ಲಿ ನಿನ್ನ ಕೆಲಸವನ್ನು ಬಹುಮಟ್ಟಿಗೆ ಕಚೇರಿಗಳೇ ವಹಿಸಿಕೊಂಡಿವೆಯಾದರೂ ಶಾಸ್ತ್ರಕ್ಕೆಂದು ನೀನೂ ಇರು. ವಾಗ್ದೇವಿಯೇ, ನನ್ನ ನಾಲಿಗೆಯ ಮೇಲೆ ನೆಲೆಸು. ಆದರೆ ತಾಯಿ, ಅಲ್ಲಿಂದ ಇಳಿದು ಹದಿನೇಳನೇ ನಂಬರಿನ ಮನೆಯ ಗೋಡೆಗೆ ಮಾತ್ರ ಒರಗಬೇಡ, ನಿನ್ನ ಶುಭ್ರವಸ್ತ್ರಕ್ಕೆ ಬೂದಿ ಮೆತ್ತಿಕೊಂಡೀತು.

ಆ ಮನೆಯ ಒಡೆಯನೇ ನಮ್ಮ ಕಥಾನಾಯಕ. ಸೀಟಿನಾದಸ್ತಂಭಿತಷಟ್ಚಕ್ರರಥನೂ, ಚಿಲ್ಲರೆಸಮರಸಹಸ್ರವಿಜಯಿಯೂ, ಜನಸಮ್ಮರ್ದಮಧ್ಯಸಂಚಾರಚತುರನೂ ಆಗಿ, ಮೂವತ್ತೊಂದು ವರ್ಷ ಸರ್ಕಾರಿ ಬಸ್ಸಿನಲ್ಲಿ ನಿಂತೇ ಅನ್ನ ದುಡಿದು ನಿವೃತ್ತನಾದ ಕಂಡಕ್ಟರ್ ಕರಿಬಸಪ್ಪ. ಆತನ ಸಹಧರ್ಮಿಣಿ, ಗೌಂಡಿಕುಲಪ್ರಸೂತೆಯೂ ಅತಿಥಿಸತ್ಕಾರದೀಕ್ಷಿತೆಯೂ ಮಿತಭಾಷಿಣಿಯೂ ಆದ ಹಾಲಮ್ಮ. ನಿಂತು ನಿಂತು ಸವೆದ ಕಾಲುಗಳನ್ನು ಚಾಚಿಕೊಂಡು ಬೆನ್ನು ಒರಗಿಸಲು ನಾಲ್ಕು ಗೋಡೆಗಳಿರಲಿ ಎಂಬ ಒಂದೇ ಆಸೆಯಿಂದ ಆತ ಆರು ವರ್ಷದ ಹಿಂದೆ ಈ ಮನೆ ಕೊಂಡಿದ್ದ. ಗೋಡೆಗಳೇನೋ ನಾಲ್ಕೂ ಇದ್ದವು. ಎಣಿಸಬಹುದಿತ್ತು, ಒರಗುವಂತಿರಲಿಲ್ಲ.

ಇದರ ಕಾರಣವನ್ನು ಹೇಳಬೇಕು. ನೆಮ್ಮದಿ ನಗರದ ತಾರಸಿಗಳನ್ನು ಕಾಂಕ್ರೀಟಿನ ಕಂಬಗಳು ಹೊತ್ತಿದ್ದವು, ಹಾಗಾಗಿ ಯಾರ ತಲೆಯ ಮೇಲೂ ಏನೂ ಬೀಳಲಿಲ್ಲ. ಆದರೆ ಕಂಬಕ್ಕೂ ಕಂಬಕ್ಕೂ ನಡುವಿನ ಗೋಡೆಗಳನ್ನು ಯಾವನೋ ಪುಣ್ಯಾತ್ಮನ ಕಾರ್ಖಾನೆಯಿಂದ ಬಂದ ಸಿಮೆಂಟು ಬ್ಲಾಕುಗಳಿಂದ ಕಟ್ಟಿದ್ದರು. ಮೊದಲ ಮಳೆಗಾಲದಲ್ಲಿ ಆ ಬ್ಲಾಕುಗಳು ಉಬ್ಬಿದವು, ಮೊದಲ ಬೇಸಿಗೆಯಲ್ಲಿ ಉದುರತೊಡಗಿದವು, ಆಮೇಲೆ ಋತುಮಾನವನ್ನು ಲೆಕ್ಕಿಸದೆ ಉದುರಿದವು. ಕೇಳಲು ಹೋದಾಗ ಕಾರ್ಖಾನೆಗೆ ಬೀಗ ಬಿದ್ದಿತ್ತು. ಆ ಪುಣ್ಯಾತ್ಮನ ಕೈಯಿಂದ ಗಟ್ಟಿಯಾದ ವಸ್ತುವೊಂದು ಲೋಕಕ್ಕೆ ಸಂದಿದ್ದರೆ ಅದು ಆ ಬೀಗವೊಂದೇ.

ಆದುದರಿಂದ ನೆಮ್ಮದಿ ನಗರದಲ್ಲಿ ಮೊಳೆ ನಿಲ್ಲುತ್ತಿರಲಿಲ್ಲ. ಹೊಡೆದರೆ ಉಪ್ಪಿಟ್ಟಿನೊಳಗೆ ಚಮಚ ಇಳಿದಂತೆ ಇಳಿಯುತ್ತಿತ್ತು, ಬಿಟ್ಟರೆ ಅಷ್ಟೇ ಸುಲಭವಾಗಿ ಬರುತ್ತಿತ್ತು, ಬರುವಾಗ ಒಂದು ಹಿಡಿ ಗೋಡೆಯನ್ನೂ ತರುತ್ತಿತ್ತು. ಗಡಿಯಾರಗಳು ಕುರ್ಚಿಯ ಮೇಲೆ ಕುಳಿತು ಗಂಟೆ ಹೊಡೆದವು. ಕ್ಯಾಲೆಂಡರುಗಳು ಕಾಯಿಲೆಯವರ ಹಾಗೆ ಮಂಚದ ಮೇಲೆ ಮಲಗಿದ್ದವು. ಗತಿಸಿದ ಹಿರಿಯರು ಹಾರ ಹಾಕಿಸಿಕೊಂಡು ಫ್ರಿಜ್ಜಿಗೆ ಒರಗಿ ನಿಂತಿರುತ್ತಿದ್ದರು, ಹಾಲು ತೆಗೆಯುವವರು ಅವರನ್ನು ಮೊದಲು ಪಕ್ಕಕ್ಕೆ ಸರಿಸಿ ಕೈ ಮುಗಿಯಬೇಕಾಗಿತ್ತು. ಆರು ವರ್ಷಗಳಲ್ಲಿ ಕರಿಬಸಪ್ಪ ಆ ಮನೆಯಲ್ಲಿ ನಲವತ್ತೊಂದು ಮೊಳೆ ಹೊಡೆದಿದ್ದ, ನಲವತ್ತೊಂದೂ ವೀರಸ್ವರ್ಗವನ್ನು ಸೇರಿದ್ದವು.

ಇಷ್ಟನ್ನೂ ಆತ ಸಹಿಸಿಕೊಂಡಿದ್ದ. ಮೂವತ್ತೊಂದು ವರ್ಷ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತವನಿಗೆ ಗೋಡೆ ಇಲ್ಲದೆ ಬದುಕುವುದು ಹೊಸದಲ್ಲ. ಆದರೆ ಆತನ ಒಬ್ಬಳೇ ಮಗಳು ಸವಿತಾ ಬಸುರಿಯಾದಳು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕೆಂಬುದು ಸರ್ಕಾರದ ಆದೇಶಕ್ಕಿಂತ ಹಳೆಯ ಆದೇಶ. ಏಳನೇ ತಿಂಗಳಿನಲ್ಲಿ ಗಂಡ ಹೆಂಡತಿ ಇಬ್ಬರೂ ಹಸಿರು ಸೀರೆ, ಹಸಿರು ಬಳೆ ತೆಗೆದುಕೊಂಡು ಬೀಗರ ಮನೆಗೆ ಹೋಗಿ, ಕುಬಸ ಮಾಡಿ, ಮಗಳ ಉಡಿ ತುಂಬಿದರು. ಉಡಿ ತುಂಬಿ ಮಗಳನ್ನು ಕರೆದುಕೊಂಡು ಬರಬೇಕಾದವರು ಇಬ್ಬರೇ ಬಂದರು.

ಯಾಕೆಂದರೆ ಸವಿತಾಳ ಅತ್ತೆ ಸರ್ವಮಂಗಳಮ್ಮ ಅದಕ್ಕೆ ಹದಿನೈದು ದಿನ ಮೊದಲು ನೆಮ್ಮದಿ ನಗರಕ್ಕೆ ಬಂದು ಬಾಣಂತಿಗೆಂದು ಇಟ್ಟಿದ್ದ ಹಿಂದಿನ ಕೋಣೆಯನ್ನು ನೋಡಿ ಹೋಗಿದ್ದರು. ಅವರು ಜಗಳ ಮಾಡಲಿಲ್ಲ. ಗೋಡೆಯ ಮೇಲೆ ಅಂಗೈ ಊರಿದರು, ತೆಗೆದರು, ಬೂದಿ ಬಣ್ಣಕ್ಕೆ ತಿರುಗಿದ ಅಂಗೈಯನ್ನು ಬೀಗತಿಯ ಮುಂದೆ ಹಿಡಿದರು.

"ಹಾಲಮ್ಮಾರೆ, ಹಸುಗೂಸು ಉಸಿರಾಡೋ ಜಾಗ ಇದು. ಗೋಡೆ ಸರಿ ಆಗ್ಲಿ, ಅವತ್ತೇ ಕಳಿಸ್ತೀನಿ. ಇಲ್ಲಾಂದ್ರೆ ಬಾಣಂತನ ನಮ್ಮನೇಲೇ ಆಗ್ಲಿ, ಏನ್ಮಾಡೋದು" ಎಂದರು.

ಅವರ ಮಾತಿನಲ್ಲಿ ತಪ್ಪಿರಲಿಲ್ಲ, ಅದೇ ಸಂಕಟ. ಹಾಲಮ್ಮ ಆ ದಿನ ಅಡುಗೆಮನೆಯಲ್ಲಿ ಬಹಳ ಹೊತ್ತು ಪಾತ್ರೆ ಉಜ್ಜಿದಳು. ಕರಿಬಸಪ್ಪನ ಎದೆಯಲ್ಲಿ ಅವಮಾನವೆಂಬುದು ಇಳಿಯದ ಪ್ಯಾಸೆಂಜರಿನ ಹಾಗೆ ಕುಳಿತುಬಿಟ್ಟಿತು.

ಹೀಗಿರಲಾಗಿ, ಅತ್ತ ರಾಜಧಾನಿಯಲ್ಲಿ ಸರ್ಕಾರವು ಎಚ್ಚರಗೊಂಡಿತು. ನೆಮ್ಮದಿ ನಗರದ ನಿವಾಸಿಗಳು ಐದಾರು ವರ್ಷಗಳಿಂದ ಬರೆದ ಅರ್ಜಿಗಳು ಮೇಜಿನಿಂದ ಮೇಜಿಗೆ ತೀರ್ಥಯಾತ್ರೆ ಮಾಡಿ ಯಾವುದೋ ಪುಣ್ಯಗಳಿಗೆಯಲ್ಲಿ ಒಬ್ಬರ ಕಣ್ಣಿಗೆ ಬಿದ್ದು, ದೋಷಪೂರಿತಕಟ್ಟಡಸಾಮಗ್ರಿಬಾಧಿತಗೃಹಮಾಲೀಕಪರಿಹಾರಕೋಶ ಎಂಬುದೊಂದು ಹುಟ್ಟಿತು. ನಾನು ಕಥೆ ಹೇಳುವ ಕುಲದವನು, ಸಮಾಸ ಕಟ್ಟುವುದು ನನ್ನ ಹೊಟ್ಟೆಪಾಡು. ಆದರೂ ಸರ್ಕಾರದ ಮುಂದೆ ನಾನು ಸೋತೆನೆಂದು ಇಲ್ಲಿಯೇ ಒಪ್ಪಿಕೊಂಡುಬಿಡುತ್ತೇನೆ.

ಕೋಶವು ಬಹಳ ಸಭೆಗಳನ್ನು ನಡೆಸಿ, ಬಾಧಿತರು ಯಾರು, ಬಾಧೆಯ ನಾಟಕ ಆಡುವವರು ಯಾರು ಎಂಬುದನ್ನು ಬೇರ್ಪಡಿಸಲು ಒಂದು ಅಗ್ನಿಪರೀಕ್ಷೆಯನ್ನು ಕಂಡುಹಿಡಿಯಿತು. ಪ್ರತಿ ಮನೆಗೂ ಬಂದ ನೋಟೀಸಿನಲ್ಲಿ ಹೀಗಿತ್ತು: ಒಂದು ಮನೆಗೆ ಒಂದೇ ಪರೀಕ್ಷೆ. ಮಾಲೀಕರು ತಾವು ಅತ್ಯಂತ ದುರ್ಬಲವೆಂದು ಗುರುತು ಮಾಡಿದ ಜಾಗದಲ್ಲಿ, ತಮ್ಮದೇ ಸುತ್ತಿಗೆಯಿಂದ, ತಾವೇ ಒಂದು ನಾಲ್ಕಿಂಚಿನ ಮೊಳೆಯನ್ನು ಹೊಡೆಯತಕ್ಕದ್ದು. ಎರಡಿಂಚು ಒಳಹೋದ ಮೇಲೆ ಅದಕ್ಕೆ ಮೂರು ಕಿಲೋ ಭಾರ ತೂಗುಹಾಕಿ ಒಂದು ನಿಮಿಷ ಕಾಯತಕ್ಕದ್ದು. ಮೊಳೆ ಬಿದ್ದರೆ ಮನೆ ಬಾಧಿತ, ಕೋಶವೇ ಹೊಸ ಗೋಡೆ ಕಟ್ಟಿಸಿಕೊಡುವುದು. ನಿಂತರೆ ಅಬಾಧಿತ, ಕಡತ ಮುಕ್ತಾಯ. ಸರ್ಕಾರದ ಸುತ್ತಿಗೆಯಿಂದ ಖಾಸಗಿ ಗೋಡೆ ಬಿದ್ದರೆ ಹೊಣೆ ಯಾರದೆಂಬ ಪ್ರಶ್ನೆ ಸಭೆಯಲ್ಲಿ ಎದ್ದದ್ದರಿಂದ ಸುತ್ತಿಗೆಯ ಮಾತು ಹಾಗೆ ಸೇರಿಕೊಂಡಿತ್ತು. ಮುಂದಿನ ಗುರುವಾರ ಹನ್ನೊಂದು ಗಂಟೆಗೆ ಎಂಜಿನಿಯರ್ ಸಾಹೇಬರು ದಯಮಾಡಿಸುವವರಿದ್ದರು.

ನೋಟೀಸನ್ನು ಎರಡು ಸಲ ಓದಿದ ಕರಿಬಸಪ್ಪನ ಮುಖ ಅರಳಿತು. ನಲವತ್ತೊಂದು ಮೊಳೆಗಳನ್ನು ಕಳೆದುಕೊಂಡವನಿಗೆ ನಲವತ್ತೆರಡನೆಯದನ್ನು ಕಳೆದುಕೊಳ್ಳಲು ಹೇಳಿದರೆ ಅದಕ್ಕಿಂತ ಹಗುರವಾದ ಕೆಲಸ ಯಾವುದು? ಆತ ಎದ್ದು ದೇವರ ಮನೆಯಿಂದ ಕುಂಕುಮ ತಂದು, ಹಿಂದಿನ ಕೋಣೆಯ ಗೋಡೆಯಲ್ಲಿ, ಹಳೆಯ ಮೊಳೆಗಳು ಬಿದ್ದು ಬಿದ್ದು ಗೇಣಗಲ ಗುಳಿಯಾಗಿದ್ದ ಜಾಗದ ನಟ್ಟನಡುವೆ ಒಂದು ಬೊಟ್ಟಿಟ್ಟ. ಆಮೇಲೆ ಬಾಗಿಲಿಗೆ ಬಂದು, ಎದುರು ಮನೆಯ ಕಟ್ಟೆಯ ಮೇಲೆ ಗುಂಡಿ ಹೊಲಿಯುತ್ತಿದ್ದ ಟೈಲರ್ ಫಕೀರಪ್ಪನನ್ನು ಉದ್ದೇಶಿಸಿ ಗರ್ಜಿಸಿದ:

"ಎಲೈ ಸೂಚೀಶಸ್ತ್ರಧಾರಿಯಾದ ಮಿತ್ರನೇ, ಕೇಳು! ಗುರುವಾರ ಸೂರ್ಯನು ನೆತ್ತಿಗೇರುವ ಮೊದಲು ಈ ತೋಳುಗಳು ಸುತ್ತಿಗೆಯನ್ನೆತ್ತುವುವು. ಆ ಏಟಿಗೆ ಮೊಳೆಯು ತರಗೆಲೆಯಂತೆ ಉದುರದಿದ್ದರೆ, ಈ ಗೋಡೆಯ ಪೊಳ್ಳುತನವನ್ನು ಮೂರು ಲೋಕಗಳ ಮುಂದೆ ಬಯಲಿಗೆಳೆಯದಿದ್ದರೆ, ನಾನು ಸೀಟಿ ಹಿಡಿದ ಕಂಡಕ್ಟರನೇ ಅಲ್ಲ!"

ಇದು ವೀರಗಾಥೆಯ ಭಾಷೆಗೆ ನಾನು ಏರಿಸಿದ ಪಾಠ. ಆತನ ಬಾಯಿಂದ ಬಂದದ್ದು ಇಷ್ಟು: "ಫಕೀರಪ್ಪ, ಗುರುವಾರ ಬರ್ತಾರಂತೆ. ಮೊದ್ಲು ನಮ್ಮನೆ ಮಾಡಿಸ್ತೀನಿ ನೋಡು."

ಮೊದಲು ನಮ್ಮನೆ ಎಂಬ ಆ ಪ್ರತಿಜ್ಞೆಯನ್ನು ಪೂರೈಸಲು ಆತ ಸೋಮವಾರ, ಮಂಗಳವಾರ, ಬುಧವಾರ ಮೂರು ದಿನವೂ ಊರೊಳಗಿನ ಕಚೇರಿಗೆ ಮುತ್ತಿಗೆ ಹಾಕಿದ. ಸೋಮವಾರ ಸಾಹೇಬರು ಮೀಟಿಂಗಿನಲ್ಲಿದ್ದರು. ಮಂಗಳವಾರ ಸಾಹೇಬರು ಈಗ ತಾನೇ ಹೋದರು. ಬುಧವಾರ ಗುಮಾಸ್ತರೊಬ್ಬರು ಬೇಸತ್ತು ಪಟ್ಟಿಯ ಮೇಲ್ತುದಿಗೆ ಹದಿನೇಳು ಎಂದು ಬರೆದುಕೊಟ್ಟರು. ಮೂರು ದಿನವೂ ಆತ ಬೆಳಿಗ್ಗೆ ಹೋಗಿ ದೀಪ ಹಚ್ಚುವ ಹೊತ್ತಿಗೆ ಬಂದ.

ಇತ್ತ ಮನೆಯಲ್ಲಿ ಹಾಲಮ್ಮನೂ ಸುಮ್ಮನೆ ಕೂತಿರಲಿಲ್ಲ. ನಮ್ಮ ನಾಡಿನ ಗೃಹಿಣಿಗೆ ಯಾರೋ ಬರುತ್ತಾರೆಂಬ ಸುದ್ದಿ ಕಿವಿಗೆ ಬಿದ್ದಮೇಲೆ, ಬರುವವರು ಯಾಕೆ ಬರುತ್ತಾರೆಂಬ ಪ್ರಶ್ನೆ ಉಳಿಯುವುದಿಲ್ಲ. ಬೀಗರು ಬರಲಿ, ಸೆನ್ಸಸ್ಸಿನವರು ಬರಲಿ, ಮೀಟರ್ ಓದುವವನು ಬರಲಿ, ಮನೆ ಬೆಳಗಬೇಕು. ಅವಳು ನೆಲ ತಿಕ್ಕಿದಳು, ಜೇಡ ಹೊಡೆದಳು, ಮನೆಯೆಲ್ಲಕ್ಕೂ ಸುಣ್ಣ ಬಳಿದಳು. ಅವಳೊಬ್ಬಳೇ ಅಲ್ಲ, ಮೂವತ್ತೆಂಟು ಮನೆಗಳಲ್ಲೂ ಆ ವಾರ ಬ್ರಷ್ಷು ಆಡಿತು. ಬುಧವಾರ ಸಂಜೆ ಕರಿಬಸಪ್ಪ ಬಂದು ನೋಡಿದಾಗ ಹಿಂದಿನ ಕೋಣೆ ಹಾಲಿನಲ್ಲಿ ಅದ್ದಿ ತೆಗೆದಂತಿತ್ತು. ಕುಂಕುಮದ ಬೊಟ್ಟು ಮಾತ್ರ ಇದ್ದಲ್ಲೇ ಇತ್ತು.

"ಗೋಡೆ ಯಾಕೆ ಹಸಿ ಐತೆ?" ಎಂದು ಕೇಳಿದ.

"ಸುಣ್ಣ ಬಳಿದೀನಲ್ರೀ. ನಿಮ್ಮ ಬೊಟ್ಟು ಇಟ್ಟಲ್ಲೇ ಇಟ್ಟೀನಿ, ಒಂದು ನೂಲು ಆಚೆ ಈಚೆ ಆಗಿಲ್ಲ."

"ಪೊಳ್ಳು ತೋರ್ಸೋಕೆ ಕರೆದ್ರೆ ಮದುವೆ ಮನೆ ಮಾಡಿದಂಗೈತಲ್ಲೇ."

"ಹರಕು ಸೀರೆ ಉಟ್ಕೊಂಡು ಯಾರಾದ್ರೂ ಬಂದವರ ಮುಂದೆ ನಿಲ್ತಾರೇನ್ರಿ?"

ಸುಣ್ಣಕ್ಕೆ ಮೊಳೆ ಹಿಡಿಯುವ ಶಕ್ತಿ ಎಲ್ಲಿದೆ ಎಂದುಕೊಂಡು ಆತ ಕೈಕಾಲು ತೊಳೆಯಲು ಹೋದ. ಗೇಣಗಲದ ಗುಳಿ ಎಲ್ಲಿ ಹೋಯಿತೆಂದು ಆತನಿಗೆ ಹೊಳೆಯಲಿಲ್ಲ. ಕಚೇರಿಯಲ್ಲಿ ಮೂರು ದಿನ ಕೂತು ಬಂದವನಿಗೆ ಏನು ತಾನೇ ಹೊಳೆಯುತ್ತದೆ.

ಗುರುವಾರವು ಉದಯಿಸಿತು. ಕರಿಬಸಪ್ಪ ಮಿಂದು, ವಿಭೂತಿ ಧರಿಸಿ, ಪೆಟ್ಟಿಗೆಯ ತಳದಿಂದ ತನ್ನ ಹಳೆಯ ಖಾಕಿ ಅಂಗಿಯನ್ನು ತೆಗೆದು ತೊಟ್ಟ. ಹೊಟ್ಟೆಯ ಹತ್ತಿರದ ಎರಡು ಗುಂಡಿಗಳು ಶರಣಾಗತಿಯನ್ನು ಒಪ್ಪದಿದ್ದುದರಿಂದ ಅವನ್ನು ಬಿಟ್ಟು ಉಳಿದವುಗಳನ್ನು ಹಾಕಿಕೊಂಡ. ಮಾವ ಬಳುವಳಿಯಾಗಿ ಕೊಟ್ಟಿದ್ದ, ಮೂವತ್ತು ವರ್ಷಗಳಲ್ಲಿ ತೆಂಗಿನಕಾಯಿಗಳನ್ನೂ ಆ ನಲವತ್ತೊಂದು ಮೊಳೆಗಳನ್ನೂ ಬಿಟ್ಟು ಬೇರೆ ಶತ್ರುವನ್ನು ಕಾಣದ ಸುತ್ತಿಗೆಯನ್ನು ಬಲಗೈಯಲ್ಲಿ ಹಿಡಿದ. ಅಂಗಡಿಯಲ್ಲಿ ಆರಿಸಿ ತಂದ ನಾಲ್ಕಿಂಚಿನ ಹೊಚ್ಚಹೊಸ ಮೊಳೆಯನ್ನು ಜೇಬಿನಲ್ಲಿ, ಹೃದಯದ ಪಕ್ಕದಲ್ಲಿ ಇಟ್ಟುಕೊಂಡ.

ಹನ್ನೊಂದು ಗಂಟೆಗೆ ಬರಬೇಕಾಗಿದ್ದ ಎಂಜಿನಿಯರ್ ರಂಗಧಾಮಯ್ಯನವರು ಹನ್ನೆರಡೂವರೆಗೆ ಸ್ಕೂಟರಿನಲ್ಲಿ ಬಂದರು. ತುಮಕೂರು ಕಡೆಯವರು, ಮೆತ್ತಗಿನ ಮನುಷ್ಯ, ಹೆಗಲಿಗೆ ದಪ್ಪ ಚೀಲ. ಅವರ ಹಿಂದೆ ನೆಮ್ಮದಿ ನಗರದ ಸಮಸ್ತ ಪ್ರಜೆಗಳೂ ಹದಿನೇಳನೇ ಮನೆಯೊಳಗೆ ನುಗ್ಗಿದರು. "ಒಳಗೆ ಹೋಗ್ರಿ, ಬಾಗಿಲಲ್ಲಿ ನಿಲ್ಬ್ಯಾಡ್ರಿ" ಎಂದು ಕರಿಬಸಪ್ಪ ಅಭ್ಯಾಸಬಲದಿಂದ ಕೂಗಿದ. ಹಾಲಮ್ಮ ಸಾಹೇಬರಿಗೂ ಬಂದವರಿಗೂ ಮಂಡಕ್ಕಿ ಮಿರ್ಚಿ ಕೊಟ್ಟಳು, ಚಹಾ ಕೊಟ್ಟಳು.

ಸಾಹೇಬರು ಮೂರನೇ ಮಿರ್ಚಿಯನ್ನು ಮುಗಿಸಿ ಕೈ ಒರೆಸಿಕೊಂಡು ಸುತ್ತಲೂ ನೋಡಿ, "ಅಮ್ಮಾ, ಮನೇನ ತುಂಬ ಚೆನ್ನಾಗಿ ಇಟ್ಕೊಂಡಿದೀರ ಕಣಮ್ಮ" ಎಂದರು.

ಹಾಲಮ್ಮನ ಮುಖದಲ್ಲಿ ನಗು ಮೂಡಿತು. ಆರು ವರ್ಷಗಳಲ್ಲಿ ಆ ಮನೆಯ ಬಗ್ಗೆ ಬಂದ ಮೊದಲ ಒಳ್ಳೆಯ ಮಾತು ಅದು. ಕರಿಬಸಪ್ಪನಿಗೆ ಮಾತ್ರ ಯಾಕೋ ಎಡಗಣ್ಣು ಅದುರಿತು.

ಎಲ್ಲರೂ ಹಿಂದಿನ ಕೋಣೆಗೆ ಬಂದರು. ಕುಂಕುಮದ ಬೊಟ್ಟಿನ ಮುಂದೆ ನಿಂತು, ಸುತ್ತಿಗೆಯನ್ನು ಹಣೆಗೆ ಮುಟ್ಟಿಸಿ, ಕರಿಬಸಪ್ಪ ಮಗಳನ್ನು ನೆನೆದ. ಹಸಿರು ಬಳೆ ತೊಟ್ಟು ಬಾಗಿಲವರೆಗೆ ಬಂದು, ಅತ್ತೆಯ ಮುಖ ನೋಡಿ, ಅಲ್ಲೇ ನಿಂತುಬಿಟ್ಟಿದ್ದ ಮಗಳು. ಬಿದ್ದುಬಿಡಪ್ಪ, ಎಂದು ಆತ ಮನಸ್ಸಿನಲ್ಲೇ ಮೊಳೆಗೆ ಕೈಮುಗಿದ. ಆಮೇಲೆ ಬಾಹುವನ್ನೆತ್ತಿ, ಮೂವತ್ತೊಂದು ವರ್ಷ ಟಿಕೆಟಿನ ಚೀಲ ಹೊತ್ತ ಹೆಗಲಿನ ಸಮಸ್ತ ಬಲವನ್ನೂ ಕೂಡಿಸಿ ಹೊಡೆದ.

ಠಣ್ ಎಂದಿತು.

ಆ ಶಬ್ದವನ್ನು ನೆಮ್ಮದಿ ನಗರ ಎಂದೂ ಕೇಳಿರಲಿಲ್ಲ. ಆರು ವರ್ಷಗಳಲ್ಲಿ ಅಲ್ಲಿಯ ಗೋಡೆಗಳು ಬುಸ್ ಎಂದಿದ್ದವು, ಪುಸ್ ಎಂದಿದ್ದವು, ಠಣ್ ಎಂದಿರಲಿಲ್ಲ. ಸುತ್ತಿಗೆ ಚಿಮ್ಮಿ ಹಿಂದಕ್ಕೆ ಬಂತು. ಕರಿಬಸಪ್ಪ ಮೊಳೆಯನ್ನು ನೋಡಿದ, ಅದು ಅರ್ಧ ಇಂಚು ಇಳಿದು ನೆಟ್ಟಗೆ ನಿಂತಿತ್ತು. ಇನ್ನೊಂದು ಏಟು ಕೊಟ್ಟ. ಠಣ್. ಮೂರನೆಯ ಏಟಿಗೆ ಆತನ ಮೊಣಕೈಯವರೆಗೂ ಜುಮ್ಮೆಂದಿತು. ನಾಲ್ಕನೆಯ ಏಟನ್ನು ಬೇಕೆಂದೇ ಓರೆಯಾಗಿ ಹೊಡೆದ, ಮೊಳೆ ಆ ಮೋಸಕ್ಕೂ ಬಗ್ಗದೆ ಒಳಗೆ ಹೋಯಿತು. ಎಂಟು ಏಟಿಗೆ ಎರಡಿಂಚು ತುಂಬಿತು.

"ಸಾಕು ಸಾರ್" ಎಂದರು ರಂಗಧಾಮಯ್ಯ. ಮೂರು ಕಿಲೋದ ತೂಕದ ಕಲ್ಲನ್ನು ಅವರು ಕಚೇರಿಯಲ್ಲೇ ಮರೆತು ಬಂದಿದ್ದರು. ತಮ್ಮ ಚೀಲವನ್ನೇ ಕೈಯಲ್ಲಿ ತೂಗಿ ನೋಡಿ, ಮೂವತ್ತೆಂಟು ಕಡತ, ಊಟದ ಡಬ್ಬಿ, ನೀರಿನ ಬಾಟಲಿ ಎಲ್ಲ ಸೇರಿ ಮೂರಕ್ಕೆ ಕಡಿಮೆ ಇಲ್ಲವೆಂದು ತೀರ್ಮಾನಿಸಿ, ಅದನ್ನು ಮೊಳೆಗೆ ತೂಗುಹಾಕಿ ಗಡಿಯಾರ ನೋಡತೊಡಗಿದರು.

ಆ ಒಂದು ನಿಮಿಷವನ್ನು ಹೇಗೆ ವರ್ಣಿಸಲಿ? ಕೋಣೆಯಲ್ಲಿ ಅಷ್ಟು ಜನರಿದ್ದರೂ ಮಂಡಕ್ಕಿ ಅಗಿಯುವ ಸದ್ದು ಸಹ ನಿಂತಿತು. ಕರಿಬಸಪ್ಪ ಮೊಳೆಯ ಮೇಲೆ ಕಣ್ಣು ನೆಟ್ಟು, ಕೊನೆಯ ಸ್ಟಾಪಿನಲ್ಲಿ ನಿದ್ದೆ ಹೋದ ಪ್ರಯಾಣಿಕನನ್ನು ಎಬ್ಬಿಸುವವನಂತೆ ತುಟಿಯೊಳಗೇ ಅನ್ನುತ್ತಿದ್ದ, ಇಳಿ, ಇಳಿಯಪ್ಪ, ಸ್ಟಾಪ್ ಬಂತು ಇಳಿ. ಚೀಲ ಸ್ವಲ್ಪ ತೂಗಿತು. ಎಲ್ಲರೂ ಮುಂದಕ್ಕೆ ಬಾಗಿದರು. ತೂಗಾಟ ನಿಂತಿತು. ಮೊಳೆ ಹುಟ್ಟಿದಾಗಿನಿಂದ ಅಲ್ಲೇ ಇದ್ದಂತೆ ಇತ್ತು.

"ಒಂದು ನಿಮಿಷ ಆಯ್ತು" ಎಂದು ರಂಗಧಾಮಯ್ಯ ಹದಿನೇಳನೇ ಕಡತದಲ್ಲಿ ಬರೆದರು. ಅಬಾಧಿತ.

"ಸಾರ್, ಇದು ಸುಳ್ಳು!" ಕರಿಬಸಪ್ಪ ಕಡತಕ್ಕೆ ಅಡ್ಡ ಕೈ ಹಿಡಿದ. "ಈ ಮನೇಲಿ ಮೊಳೆ ನಿಂತಿದ್ದೇ ಇಲ್ಲ ಸಾರ್. ಇನ್ನೊಂದು ಕಡೆ ಹೊಡೀತೀನಿ, ಇಲ್ಲೇ ಪಕ್ಕದಲ್ಲಿ, ನೋಡ್ರಿ ಬೇಕಾದ್ರೆ."

"ಒಂದು ಮನೆಗೆ ಒಂದೇ ಸಾರ್. ಜಾಗ ನೀವೇ ತೋರ್ಸಿದ್ದು, ಬೊಟ್ಟು ನೀವೇ ಇಟ್ಟಿದ್ದು. ನನ್ನ ಕಣ್ಣಲ್ಲಿ ನೋಡಿದ್ದನ್ನ ನಾನು ಬರ್ದೆ. ಬೇಜಾರು ಮಾಡ್ಕೋಬೇಡಿ."

ಕರಿಬಸಪ್ಪ ಎರಡೂ ಕೈಗಳಿಂದ ಮೊಳೆಯನ್ನು ಹಿಡಿದು, ಗೋಡೆಗೆ ಕಾಲು ಕೊಟ್ಟು ಎಳೆದ. ಅದು ಬರಲಿಲ್ಲ. ಕಾಲಿಟ್ಟ ಕಡೆ ಸುಣ್ಣದ ಸಮೇತ ಗೋಡೆ ಒಂದು ಬೊಗಸೆ ಉದುರಿತು. ಅದನ್ನು ಸಾಹೇಬರಿಗೆ ತೋರಿಸಿದ. ಅದು ಗುರುತು ಮಾಡಿದ ಜಾಗವಲ್ಲವೆಂದು ಅವರು ಬಹಳ ಕನಿಕರದಿಂದ ಹೇಳಿದರು.

ಆಗ ಬಾಗಿಲ ಬಳಿ ನಿಂತಿದ್ದ ಹಾಲಮ್ಮ ಸೆರಗನ್ನು ಬಾಯಿಗೆ ಹಿಡಿದು ಮೆಲ್ಲಗೆ ಅಂದಳು: "ಅಲ್ಲಿ ನಾನೇ ಮೆತ್ತಿದ್ದೆ ಕಣ್ರೀ."

ಎಲ್ಲರೂ ಅವಳ ಕಡೆ ತಿರುಗಿದರು.

"ಫಕೀರಪ್ಪಾರ ಮನೇಲಿ ತುಳಸಿಕಟ್ಟೆಗೆ ತಂದ ಸಿಮೆಂಟು ಎರಡು ಬುಟ್ಟಿ ಉಳಿದಿತ್ತು. ಸೋಮವಾರ ಆ ಪೊಳ್ಳೆಲ್ಲ ಕೆರೆದು ತೆಗೆದು, ಜಾಲರಿ ತುಂಡು ಕೊಟ್ಟು, ಒಳಗಿಂದ ತುಂಬಿಸ್ದೆ. ಮೂರು ದಿನ ನೀರು ಉಣಿಸ್ದೆ. ಸಾಹೇಬ್ರು ಬಂದಾಗ ಬಾಣಂತಿ ಕೋಣೇಲಿ ಅಷ್ಟು ದೊಡ್ಡ ಗುಳಿ ಕಾಣ್ಬಾರ್ದು ಅಂತ." ಗಂಡನ ಕಡೆ ತಿರುಗಿ ಹೇಳಿದಳು, "ನಿಮ್ಮ ಬೊಟ್ಟು ಅಳಿಸಿಹೋಗಿತ್ತು, ಅದಕ್ಕೇ ಮತ್ತೆ ಅಲ್ಲೇ ಇಟ್ಟೆ."

ಕೋಪವೆಂಬುದು ಕರಿಬಸಪ್ಪನ ಪಾದದಿಂದ ಹೊರಟು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು, ಗಂಟಲಿಗೆ ಬಂತು. ಅಷ್ಟರಲ್ಲಿ ಹೆಂಡತಿಯ ಕೈಗಳು ಕಣ್ಣಿಗೆ ಬಿದ್ದವು. ಸಿಮೆಂಟು ತಿಂದು ಬೆರಳ ತುದಿಗಳೆಲ್ಲ ಬಿರುಕು ಬಿಟ್ಟಿದ್ದವು. ಮೂರು ದಿನದಿಂದ ಆ ಕೈಗಳೇ ಆತನಿಗೆ ರೊಟ್ಟಿ ಹಾಕಿದ್ದವು, ಆತ ನೋಡಿರಲಿಲ್ಲ. ನಾಚಿಕೆಯಾಯಿತು. ಸುತ್ತಿಗೆಯನ್ನು ನೆಲಕ್ಕಿಟ್ಟು ಹೋಗಿ ಹೊರಗಿನ ಕಟ್ಟೆಯ ಮೇಲೆ ಕೂತ.

ಕಟ್ಟೆಯ ಮೇಲಿಂದ ಆತ ಒಂದು ಅಪೂರ್ವ ದೃಶ್ಯವನ್ನು ಕಂಡ. ಆತನ ಮನೆಯಿಂದ ಹೊರಬಿದ್ದ ಮೂವತ್ತೇಳು ಕುಟುಂಬಗಳೂ ಸಾಹೇಬರು ಚಪ್ಪಲಿ ಮೆಟ್ಟುವುದರೊಳಗೆ ತಮ್ಮ ತಮ್ಮ ಮನೆಗಳತ್ತ ಓಡುತ್ತಿದ್ದವು. ಅವರೂ ಮೆತ್ತಿದ್ದರು. ಅತಿಥಿಗೆ ಗುಳಿ ತೋರಿಸಬಾರದೆಂದು ಸಿಕ್ಕಿದ್ದನ್ನೆಲ್ಲ ತುಂಬಿದ್ದರು. ಈಗ ಒಳಗಿನಿಂದ ಸೌಟು, ಚಮಚ, ಕಾಯಿ ತುರಿಯುವ ಮಣೆ, ಕೈಗೆ ಸಿಕ್ಕ ಆ ಎಲ್ಲ ಆಯುಧಗಳಿಂದ ಕೆರೆಯುವ ಘೋರಶಬ್ದ ಕೇಳಿಬರತೊಡಗಿತು. ಟೈಲರ್ ಫಕೀರಪ್ಪ ದೊಡ್ಡ ಕತ್ತರಿಯಿಂದ ಗೋಡೆಯನ್ನು ತಿವಿಯುತ್ತಿರುವುದು ಕಿಟಕಿಯಲ್ಲಿ ಕಾಣುತ್ತಿತ್ತು. ಸಂಜೆಯ ಹೊತ್ತಿಗೆ ಮೂವತ್ತೇಳು ಮನೆಗಳಲ್ಲಿ ಮೂವತ್ತೇಳು ಮೊಳೆಗಳು ಬಿದ್ದವು. ಮೂವತ್ತೇಳೂ ಬಾಧಿತ.

ಫಕೀರಪ್ಪ ಬಂದು, "ಅಣ್ಣ, ನೀನು ಮೊದ್ಲು ಹೋಗಿದ್ದಕ್ಕೆ ನಾವೆಲ್ಲ ಬಚಾವಾದ್ವಿ" ಎಂದ. ಕರಿಬಸಪ್ಪ ಎದ್ದು ಅವನಿಗೆ ಕಟ್ಟೆಯ ಮೇಲೆ ಜಾಗ ಬಿಟ್ಟುಕೊಟ್ಟ. ಮಿಕ್ಕವರಿಗೆಲ್ಲ ಸೀಟು ಮಾಡಿಕೊಟ್ಟು ತಾನು ನಿಂತೇ ಹೋಗುವುದು ಆತನಿಗೆ ಜನ್ಮಕ್ಕಂಟಿದ ಕರ್ಮ.

ಮರುದಿನ ಬೆಳಿಗ್ಗೆ ಆತ ಹಿಂದಿನ ಕೋಣೆಗೆ ಹೋದಾಗ ಹಾಲಮ್ಮ ಸೀರೆಯನ್ನು ಮೇಲೆ ಕಟ್ಟಿ, ಮೊಳೆಯ ಪಕ್ಕದ ಗೋಡೆಯನ್ನು ಕೆರೆಯುತ್ತಿದ್ದಳು. ಕೈಯಲ್ಲಿ ಸವೆದು ಹೊಳೆಯುತ್ತಿದ್ದ, ಗಾರೆ ಮೆತ್ತುವ ಒಂದು ಕರಣಿ ಇತ್ತು.

"ಇದೆಲ್ಲಿತ್ತು?"

"ನಮ್ಮಪ್ಪಂದು. ಅಟ್ಟದ ಮೇಲಿತ್ತು."

"ಮೆತ್ತೋದು ನಿಂಗ್ಯಾರು ಕಲಿಸಿದ್ರು?"

"ಗೌಂಡಿ ಮಗಳು ನಾನು. ಮದುವೆ ಆಗೋತನಕ ಅಪ್ಪನ ಜೊತೆ ಕೆಲಸಕ್ಕೆ ಹೋಗ್ತಿದ್ದೆ." ಅವಳು ಕೆರೆಯುವುದನ್ನು ನಿಲ್ಲಿಸಲಿಲ್ಲ. "ಆರು ವರ್ಷ ನೀವು ಅರ್ಜಿ ಬರೀತಾ ಕೂತ್ರಿ. ನನ್ನ ಯಾರು ಕೇಳಿದ್ರು?"

"ಆರು ವರ್ಷ ಸುಮ್ನೆ ಇದ್ದೆಯಲ್ಲ ನೀನೂ."

"ಸರ್ಕಾರ ಕಟ್ಟಿಸ್ಕೊಡುತ್ತೆ, ಯಾರೂ ಮುಟ್ಬ್ಯಾಡ್ರಿ, ಸಾಕ್ಷಿ ಹಾಳಾಗುತ್ತೆ ಅಂತ ಮನೆ ಮನೆಗೆ ಹೇಳ್ಕೊಂಡು ಬಂದವರು ಯಾರು?"

ಅದು ನಿಜವಾಗಿತ್ತು. ಚಿಲ್ಲರೆಸಮರಸಹಸ್ರವಿಜಯಿಯು ಖಾಕಿ ಅಂಗಿಯನ್ನು ಕಳಚಿಟ್ಟು, ಬನಿಯನ್ನಿನಲ್ಲಿ ಮರಳು ಜರಡಿ ಹಿಡಿಯಲು ಕೂತ. ಅಂದಿನಿಂದ ಇಪ್ಪತ್ತಾರು ದಿನ ಅವರು ಒಂದು ಗೇಣು ಕೆರೆದು, ಒಂದು ಗೇಣು ತುಂಬಿದರು. ಹಾಲಮ್ಮ ಹೇಳಿದಳು, ಆತ ಕಲಸಿದ. ತೆಳ್ಳಗಾಯಿತೆಂದು ಬೈಸಿಕೊಂಡ, ಗಟ್ಟಿಯಾಯಿತೆಂದು ಬೈಸಿಕೊಂಡ. ಮೂರು ಹೊತ್ತು ಗೋಡೆಗೆ ನೀರು ಚಿಮುಕಿಸುವ ಕೆಲಸವನ್ನು ಮಾತ್ರ ತಾನೇ ವಹಿಸಿಕೊಂಡು, ಸಮಯಕ್ಕೆ ಸರಿಯಾಗಿ, ಒಂದು ಟ್ರಿಪ್ಪೂ ತಪ್ಪಿಸದೆ ಮಾಡಿದ. ಮೊಳೆಯನ್ನು ಬಿಟ್ಟು ಸುತ್ತಲೂ ಮೆತ್ತಿದರು. ಅದು ಹೇಗೂ ಬರುತ್ತಿರಲಿಲ್ಲ.

ಈ ಇಪ್ಪತ್ತಾರು ದಿನಗಳ ನಡುವೆ ಸರ್ಕಾರದ ಆದೇಶಗಳು ಬಂದವು. ಮೂವತ್ತೇಳು ಬಾಧಿತ ಮನೆಗಳಿಗೆ ಬಂದ ಆದೇಶದಲ್ಲಿ, ಸದರಿ ಗೋಡೆಗಳನ್ನು ಪುನರ್ನಿರ್ಮಿಸುವ ವಿಷಯವು ಪರಿಶೀಲನೆಯಲ್ಲಿದ್ದು, ಅಂತಿಮ ಮಂಜೂರಾತಿಯವರೆಗೆ ಮಾಲೀಕರು ಅವನ್ನು ಯಾವ ಕಾರಣಕ್ಕೂ ಮುಟ್ಟತಕ್ಕದ್ದಲ್ಲ, ಮುಟ್ಟಿದಲ್ಲಿ ಬಾಧಿತ ಸ್ಥಾನಮಾನವು ರದ್ದಾಗುವುದು ಎಂದಿತ್ತು. ಫಕೀರಪ್ಪ ಅದನ್ನು ತೆಗೆದುಕೊಂಡು ಬಂದು, ಕರಿಬಸಪ್ಪನ ಕೋಣೆಯ ಬಾಗಿಲಲ್ಲಿ ನಿಂತು, ಹೊಸ ಗೋಡೆಯನ್ನು ಬಹಳ ಹೊತ್ತು ನೋಡಿದ.

"ನಿಂಗೆ ಮುಟ್ಬ್ಯಾಡ ಅಂದಿಲ್ಲಲ್ಲಣ್ಣ" ಎಂದ. "ಪುಣ್ಯವಂತ."

ಹದಿನೇಳನೇ ಮನೆಗೆ ಬಂದ ಆದೇಶ ಎರಡೇ ಸಾಲಿನದು: ಸದರಿ ಮನೆಯು ಅಬಾಧಿತವೆಂದು ಕಡತ ಮುಕ್ತಾಯಗೊಳಿಸಲಾಗಿದೆ. ಪರೀಕ್ಷಾಕಾಲದಲ್ಲಿ ಸುಸ್ಥಿತಿಯಲ್ಲಿದ್ದ ಗೋಡೆಗೆ ಅರ್ಜಿದಾರರೇ ಮಾಡಿರುವ ರಂಧ್ರವನ್ನು ಅರ್ಜಿದಾರರೇ ಮುಚ್ಚಿ ವರದಿ ಸಲ್ಲಿಸತಕ್ಕದ್ದು. ಕರಿಬಸಪ್ಪ ಅದೇ ಕಾಗದದ ಹಿಂದೆ, ಸದರಿ ರಂಧ್ರವು ಸದರಿ ಮೊಳೆಯಿಂದಲೇ ಮುಚ್ಚಲ್ಪಟ್ಟಿದೆ ಎಂದು ಬರೆದು ಸಹಿ ಹಾಕಿ ಕಳಿಸಿದ. ಆರು ವರ್ಷಗಳಲ್ಲಿ ಸರ್ಕಾರಕ್ಕೆ ಆತ ಬರೆದ ಕೊನೆಯ ಪತ್ರ ಅದು.

ಗೋಡೆ ಒಣಗಿದ ಮೇಲೆ ಸರ್ವಮಂಗಳಮ್ಮ ಬಂದರು. ಹಿಂದಿನ ಕೋಣೆಗೆ ಹೋಗಿ ಗೋಡೆಯ ಮೇಲೆ ಅಂಗೈ ಊರಿದರು. ತೆಗೆದು ನೋಡಿಕೊಂಡರು. ಇನ್ನೊಂದು ಗೋಡೆಗೆ ಊರಿದರು, ಮತ್ತೆ ನೋಡಿಕೊಂಡರು. ಹಾಲಮ್ಮ ಬಾಗಿಲ ಸಂದಿಯಲ್ಲಿ ನಿಂತಿದ್ದಳು. ಸರ್ವಮಂಗಳಮ್ಮ ತಮ್ಮ ಕೈಯನ್ನು ಬಿಟ್ಟು ಹಾಲಮ್ಮನ ಕೈಯನ್ನು ಹಿಡಿದು, ಬಿರುಕು ಬಿಟ್ಟ ಬೆರಳುಗಳನ್ನು ತಿರುಗಿಸಿ ನೋಡಿದರು.

"ಕೊಬ್ಬರಿ ಎಣ್ಣೆ ಹಚ್ರಿ" ಎಂದರು. "ಸೋಮವಾರ ಒಳ್ಳೆ ದಿನ ಐತೆ, ಕಳಿಸ್ತೀನಿ."

ಈ ಗಾಥೆಯನ್ನು ಮೀಸೆ ತಿರುವಿಕೊಂಡು ಕೇಳಿದವರಿಗೆ ಶೌರ್ಯವಾಗಲಿ, ಸರ್ಕಾರದ ಸಹಾಯವಾಗಲಿ ಒದಗುವುದೆಂದು ನಾನು ಹೇಳಲಾರೆ. ಸಿಮೆಂಟು ಮೆತ್ತಿದ ಮೇಲೆ ಮೂರು ಹೊತ್ತು ನೀರುಣಿಸಬೇಕೆಂಬುದು ಗೊತ್ತಾದರೆ ಅಷ್ಟೇ ಫಲ.

ಸೋಮವಾರ ಸವಿತಾ ಬಂದಳು. ಆಟೋ ಇಳಿದು, ಹಸಿರು ಬಳೆಗಳ ಕೈಯಿಂದ ಸೊಂಟ ಹಿಡಿದುಕೊಂಡು ನಿಧಾನವಾಗಿ ಹಿಂದಿನ ಕೋಣೆಗೆ ಬಂದು, ಹೆಗಲ ಚೀಲವನ್ನು ಆ ಮನೆಯ ರೂಢಿಯಂತೆ ನೆಲಕ್ಕಿಡಲು ಬಗ್ಗಲು ನೋಡಿದಳು. ಹೊಟ್ಟೆ ಬಿಡಲಿಲ್ಲ.

"ಅಲ್ಲಿ ತಗಲ್ಹಾಕು" ಎಂದ ಕರಿಬಸಪ್ಪ.

ಅವಳು ಮೊಳೆಯನ್ನು ನೋಡಿದಳು, ಅಪ್ಪನನ್ನು ನೋಡಿದಳು. ಚೀಲವನ್ನು ಮೊಳೆಗೆ ಸಿಕ್ಕಿಸಿ, ಬಿದ್ದರೆ ಹಿಡಿಯಲೆಂದು ಕೆಳಗೆ ಅಂಗೈ ಒಡ್ಡಿಕೊಂಡು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಕೈ ತೆಗೆದುಕೊಂಡು, ಗೋಡೆಗೆ ಒರಗಿ ಕೂತಳು.